ಪ್ರಿಂಟರ್ ಕೆಳಗೆ ಕಾಣಿಸುತ್ತದೆ, ಮೆಟ್ಟಿಲು ಹತ್ತಿದರೆ ಮಾಯ! ಫೋನಿಂದ ಪ್ರಿಂಟ್ ತೆಗೆಯುವುದು ಹೇಗೆ?

ಲೆಕ್ಕದಮನೆ · ಸೋಮವಾರ, ಬೆಳಿಗ್ಗೆ 11:10

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ಒಂದು ಆಡಿಟರ್ ಆಫೀಸಿನಲ್ಲಿ ನನ್ನ ಕೆಲಸ. ಹನ್ನೊಂದು ಜನ ಇದ್ದೇವೆ. ಹಳೇ ಮನೆಯನ್ನೇ ಆಫೀಸು ಮಾಡಿಕೊಂಡಿದ್ದಾರೆ. ಕೆಳಗೆ ನಾವು, ಮೇಲೆ ಸಾಹೇಬರ ರೂಮು ಮತ್ತು ಮೀಟಿಂಗ್ ರೂಮು. ಯಾವತ್ತೋ ಒಂದು ದಿನ ಯಾರದೋ ಲ್ಯಾಪ್‌ಟಾಪ್ ಸರಿಮಾಡಿಕೊಟ್ಟೆ. ಅಂದಿನಿಂದ "ಕಂಪ್ಯೂಟರ್ ಗೊತ್ತಿರುವ ಹುಡುಗ" ಎಂಬ ಹಣೆಪಟ್ಟಿ. ಹಾಗಾಗಿ ಈ ತಲೆನೋವು ನನ್ನ ಪಾಲಿಗೆ ಬಂದಿದೆ.

ಹೋದ ತಿಂಗಳು ಹೊಸ ಲೇಸರ್ ಪ್ರಿಂಟರ್ ಬಂತು. ಡಬ್ಬದ ಮೇಲೆ ಏರ್‌ಪ್ರಿಂಟ್, ಮೋಪ್ರಿಯಾ ಎರಡೂ ಬರೆದಿದೆ, ಅಂದರೆ ಐಫೋನಿನಿಂದಲೂ ಆಂಡ್ರಾಯ್ಡಿನಿಂದಲೂ ನೇರ ಪ್ರಿಂಟ್ ಬರುತ್ತದೆ ಎಂದು. ಲ್ಯಾಪ್‌ಟಾಪ್‌ಗಳಿಂದ ಚೆನ್ನಾಗಿಯೇ ಪ್ರಿಂಟ್ ಬರುತ್ತಿದೆ, ಮೇಲಿಂದಲೂ ಕೆಳಗಿಂದಲೂ. ಕಥೆ ಇರುವುದೆಲ್ಲ ಫೋನಿನದು. ಸಾಹೇಬರ ಐಫೋನಿಗೆ ಕೆಳಗೆ ಪ್ರಿಂಟರ್ ಕಾಣಿಸುತ್ತದೆ. ಅದೇ ಫೋನು ಹಿಡಿದು ಮೆಟ್ಟಿಲು ಹತ್ತಿದರೆ "ಯಾವ ಪ್ರಿಂಟರೂ ಸಿಗಲಿಲ್ಲ". ನನ್ನ ಆಂಡ್ರಾಯ್ಡಿಗೆ ಕೆಳಗೂ ಇಲ್ಲ, ಮೇಲೂ ಇಲ್ಲ. ಪಕ್ಕದ ಟೇಬಲ್ಲಿನವರ ಆಂಡ್ರಾಯ್ಡಿಗೆ ಒಮ್ಮೆ ಕಾಣಿಸುತ್ತದೆ, ಒಮ್ಮೆ ಕಾಣಿಸಲ್ಲ. ಅಮಾವಾಸ್ಯೆ ಹುಣ್ಣಿಮೆ ನೋಡಿಕೊಂಡು ಬರುತ್ತದೋ ಏನೋ.

ಇದು ಯಾಕೆ ಬೇಕು ಅಂದರೆ, ಕ್ಲೈಂಟುಗಳು ಎಲ್ಲವನ್ನೂ ವಾಟ್ಸಾಪಿನಲ್ಲೇ ಕಳಿಸುತ್ತಾರೆ. ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್, ಪ್ಯಾನ್ ಕಾರ್ಡಿನ ಫೋಟೋ. ಅದನ್ನು ಲ್ಯಾಪ್‌ಟಾಪಿಗೆ ತಂದು, ಡೌನ್‌ಲೋಡ್ ಮಾಡಿ, ಪ್ರಿಂಟ್ ಕೊಡುವಷ್ಟರಲ್ಲಿ ಕಾಫಿ ಆರಿಹೋಗಿರುತ್ತದೆ. ಟ್ಯಾಕ್ಸ್ ರಿಟರ್ನ್ ಹಾಕುವ ಜುಲೈ 31 ಹತ್ತಿರ ಬರುತ್ತಿದೆ. ಕಾಪಾಡಿ.

ಎಚ್‌ಎಸ್‌ಆರ್_ಸೆಕ್ಟರ್2 · 11:24

ಗೂಗಲ್ ಕ್ಲೌಡ್ ಪ್ರಿಂಟ್ ಹಾಕಿಕೊಳ್ಳಿ. ನೆಟ್‌ವರ್ಕ್ ತಲೆನೋವೇ ಇರಲ್ಲ. ಎಲ್ಲಿಂದ ಬೇಕಾದರೂ ಪ್ರಿಂಟ್ ಕೊಡಬಹುದು.

ಹಳೇಪ್ರಿಂಟರ್ · 11:31

ಅದು ಸತ್ತು ಎಷ್ಟು ಕಾಲವಾಯಿತು ಮಾರಾಯರೇ! 2020ರ ಡಿಸೆಂಬರ್ 31ಕ್ಕೆ ಗೂಗಲ್ ಅದರ ಬಾಗಿಲು ಹಾಕಿತು. ಹತ್ತು ವರ್ಷ ಇತ್ತು, ಕೊನೆವರೆಗೂ "ಬೀಟಾ" ಎಂದೇ ಬರೆದುಕೊಂಡಿತ್ತು.

ಎಚ್‌ಎಸ್‌ಆರ್_ಸೆಕ್ಟರ್2 · 11:33

ಅಯ್ಯೋ. ನಾನು ಕೊನೇ ಸಲ ಪ್ರಿಂಟ್ ತೆಗೆದದ್ದು ಯಾವಾಗ ಅಂತ ಇದರಲ್ಲೇ ಗೊತ್ತಾಯಿತು ನೋಡಿ. ಸರಿ, ಹಾಗಾದರೆ ಇನ್ನೊಂದು ಹೇಳುತ್ತೇನೆ. ಪ್ರಿಂಟರ್ 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಇರುತ್ತದೆ, ಫೋನು 5ರಲ್ಲಿ ಇರುತ್ತದೆ. ಅದಕ್ಕೇ ಒಂದಕ್ಕೊಂದು ಕಾಣಿಸಲ್ಲ. ಎರಡನ್ನೂ 2.4ಕ್ಕೆ ತನ್ನಿ.

ತಂತಿಕೆಲಸ · 11:50

ಈ ಮಾತು ಎಲ್ಲ ಕಡೆ ಓಡಾಡುತ್ತದೆ, ಆದರೆ ನಿಜವಲ್ಲ. ಒಂದೇ ರೂಟರಿನ 2.4 ಮತ್ತು 5 ಸಾಮಾನ್ಯವಾಗಿ ಒಂದೇ ನೆಟ್‌ವರ್ಕ್. ಒಂದೇ ಮನೆಗೆ ಮುಂಬಾಗಿಲು, ಹಿತ್ತಿಲ ಬಾಗಿಲು ಇದ್ದ ಹಾಗೆ. ಪ್ರಿಂಟರ್ ಹಿತ್ತಿಲಿಂದ ಒಳಗೆ ಬಂದರೂ ಫೋನು ಮುಂಬಾಗಿಲಿಂದ ಬಂದರೂ ಇಬ್ಬರೂ ನಡುಮನೆಯಲ್ಲೇ ಸಿಗುತ್ತಾರೆ. ನೋಡಬೇಕಾದ್ದು ಬ್ಯಾಂಡ್ (2.4 ಅಥವಾ 5) ಅಲ್ಲ, ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಪ್ರತಿ ಸಾಧನಕ್ಕೂ ಸಿಗುವ ಮನೆ ನಂಬರ್.

ಲೆಕ್ಕದಮನೆಯವರೇ, ನನಗೆ ಮೂರು ವಿಳಾಸ ಬೇಕು. ಪ್ರಿಂಟರಿನದು, ಕೆಳಗಿರುವ ಒಂದು ಫೋನಿನದು, ಮೇಲಿರುವ ಫೋನಿನದು. ಫೋನಿನಲ್ಲಿ ವೈಫೈ ಹೆಸರಿನ ಪಕ್ಕದ ಗುರುತು ಒತ್ತಿದರೆ ಕಾಣಿಸುತ್ತದೆ. ಪ್ರಿಂಟರಿನದು ಅದರ ಮೆನುವಿನಲ್ಲಿ ಕಾನ್ಫಿಗರೇಶನ್ ಪೇಜ್ ಅಂತ ಇರುತ್ತದೆ, ಒಂದು ಹಾಳೆ ತೆಗೆದು ನೋಡಿ. ಮೇಲೆ ಬೇರೆ ರೂಟರ್ ಏನಾದರೂ ಇದೆಯಾ?

ಲೆಕ್ಕದಮನೆ · ಮಧ್ಯಾಹ್ನ 12:40

ಪ್ರಿಂಟರ್ 192.168.1.17. ಕೆಳಗಿನ ಫೋನು 192.168.1.23. ಮೇಲೆ ಸಾಹೇಬರ ಫೋನು 192.168.0.104.

ಹೌದು, ಮೇಲೆ ಇನ್ನೊಂದು ರೂಟರ್ ಇದೆ. ಗೋಡೆ ಹಳೇ ಕಾಲದ್ದು, ಒಂದೂವರೆ ಅಡಿ ದಪ್ಪ. ಕೆಳಗಿನ ವೈಫೈ ಮೇಲೆ ಸಿಗುತ್ತಿರಲಿಲ್ಲ. ಎಸ್‌ಪಿ ರೋಡಿನಿಂದ ಒಂದು ರೂಟರ್ ತಂದು, ಕೆಳಗಿಂದ ಕೇಬಲ್ ಎಳೆದು, ಅದರ ನೀಲಿ ತೂತಿಗೆ ಚುಚ್ಚಿದೆ. ವೈಫೈ ಬಂತು. ನಾನೇ ಹಾಕಿದ್ದು, ಸ್ವಲ್ಪ ಹೆಮ್ಮೆಯೂ ಇತ್ತು.

ತಂತಿಕೆಲಸ · 12:58

ಕಳ್ಳ ಸಿಕ್ಕಿಬಿದ್ದ. ಕೆಳಗೆ 1, ಮೇಲೆ 0. ಚುಕ್ಕಿಗಳ ನಡುವಿನ ಮೂರನೇ ಸಂಖ್ಯೆ ಬೇರೆ. ಅಂದರೆ ಮೇಲಿನ ರೂಟರ್ ತನ್ನದೇ ಬೇರೆ ಸಂಸಾರ ಹೂಡಿದೆ.

ಯಾಕೆ ಹೀಗಾಗುತ್ತದೆ ಅಂದರೆ, ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ಸಾಲಾಗಿ ಆರು ಮನೆ, ನಡುವೆ ಅಂಗಳ, ಒಂದು ನಲ್ಲಿ. ಅಂಗಳದಲ್ಲಿ ನಿಂತು "ಯಾರ ಮನೇಲಿ ಹೆಪ್ಪಿಗೆ ಮೊಸರಿದೆ?" ಎಂದು ಕೂಗಿದರೆ ಆರೂ ಮನೆಗೆ ಕೇಳಿಸುತ್ತದೆ. ಇದ್ದವರು "ನಮ್ಮನೇಲಿದೆ, ಬಾ" ಅನ್ನುತ್ತಾರೆ. ಫೋನು ಪ್ರಿಂಟರನ್ನು ಹುಡುಕುವುದು ಹೀಗೆಯೇ. ಅದಕ್ಕೆ ವಿಳಾಸ ಗೊತ್ತಿರಲ್ಲ. 224.0.0.251 ಎಂಬ ಒಂದು ಸಾಮೂಹಿಕ ವಿಳಾಸಕ್ಕೆ, 5353ನೇ ಪೋರ್ಟಿನಲ್ಲಿ (ಪೋರ್ಟ್ ಅಂದರೆ ಒಂದೊಂದು ಕೆಲಸಕ್ಕೆ ಮೀಸಲಾದ ನಂಬರಿನ ಬಾಗಿಲು) "ಪ್ರಿಂಟರ್ ಯಾರಿದ್ದೀರಿ?" ಎಂದು ಕೂಗುತ್ತದೆ. ಇದಕ್ಕೆ ಎಂಡಿಎನ್‌ಎಸ್ ಎಂದು ಹೆಸರು, ಆಪಲ್‌ನವರು ಬಾಂಜೂರ್ ಅನ್ನುತ್ತಾರೆ. ಪ್ರಿಂಟರ್ "ನಾನಿದ್ದೇನೆ, ಹೆಸರು ಇಂಥದ್ದು, ಎರಡೂ ಬದಿ ಪ್ರಿಂಟ್ ಬರುತ್ತದೆ, ಬಣ್ಣ ಇಲ್ಲ" ಎಂದು ಉತ್ತರ ಕೊಡುತ್ತದೆ.

ಈ ಕೂಗು ವಠಾರದ ಗೋಡೆ ದಾಟಲ್ಲ. ದಾಟಬಾರದು ಎಂದೇ ಮಾಡಿರುವುದು. 224.0.0 ಎಂದು ಶುರುವಾಗುವ ವಿಳಾಸಗಳಿಗೆ ಹೋಗುವ ಮಾತನ್ನು ರೂಟರ್ ಆಚೆಗೆ ಬಿಡಬಾರದು ಎಂಬುದೇ ನಿಯಮ. ಇಲ್ಲದಿದ್ದರೆ ಇಡೀ ಊರಿನ ಕೂಗು ಎಲ್ಲರ ಕಿವಿಗೂ ಬೀಳುತ್ತಿತ್ತು. ನಿಮ್ಮ ಸಾಹೇಬರು ಮಹಡಿ ಮೇಲಿನ ವಠಾರದಲ್ಲಿ ನಿಂತು ಕೂಗುತ್ತಿದ್ದಾರೆ. ಪ್ರಿಂಟರ್ ಕೆಳಗಿನ ವಠಾರದಲ್ಲಿದೆ.

ಲೆಕ್ಕದಮನೆ · 1:15

ಅರ್ಥವಾಯಿತು. ಆದರೆ ಒಂದು ಅನುಮಾನ. ಹಾಗಾದರೆ ಮೇಲಿನ ಲ್ಯಾಪ್‌ಟಾಪಿನಿಂದ ಪ್ರಿಂಟ್ ಹೇಗೆ ಬರುತ್ತದೆ? ಅದೂ ಅದೇ ವೈಫೈಯಲ್ಲಿದೆ.

ತಂತಿಕೆಲಸ · 1:22

ಒಳ್ಳೇ ಪ್ರಶ್ನೆ. ಆ ಲ್ಯಾಪ್‌ಟಾಪಿಗೆ ಪ್ರಿಂಟರನ್ನು ಸೇರಿಸುವಾಗ ಐಪಿ ವಿಳಾಸ ಟೈಪ್ ಮಾಡಿ ಸೇರಿಸಿದ್ದಿರಾ?

ಲೆಕ್ಕದಮನೆ · 1:24

ಹೌದು! ಪ್ರಿಂಟರ್ ಹಾಕಲು ಬಂದವರು ಹಾಗೇ ಮಾಡಿಕೊಟ್ಟರು.

ತಂತಿಕೆಲಸ · 1:37

ಅಷ್ಟೇ. ಅದು ಕೂಗುತ್ತಿಲ್ಲ, ಮನೆ ನಂಬರ್ ಹಿಡಿದು ನೇರ ಹೋಗಿ ಬಾಗಿಲು ತಟ್ಟುತ್ತಿದೆ. ಮೇಲಿನ ರೂಟರಿನಿಂದ ಹೊರಗೆ ಹೋಗುವ ದಾರಿಯಲ್ಲೇ ಕೆಳಗಿನ ನೆಟ್‌ವರ್ಕ್ ಸಿಗುತ್ತದೆ, ಹಾಗಾಗಿ ಹೋಗುವುದಕ್ಕೆ ಅಡ್ಡಿ ಇಲ್ಲ. ಆಂಡ್ರಾಯ್ಡಿನಲ್ಲೂ ಹೀಗೆ ಮಾಡಬಹುದು. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟಿಂಗ್ ಎಂದು ಹುಡುಕಿ, ಡೀಫಾಲ್ಟ್ ಪ್ರಿಂಟ್ ಸರ್ವಿಸ್ ಒಳಗೆ ಹೋಗಿ, ಮೂರು ಚುಕ್ಕಿ ಒತ್ತಿದರೆ ಆಡ್ ಪ್ರಿಂಟರ್ ಸಿಗುತ್ತದೆ. ಅಲ್ಲಿ ಐಪಿ ವಿಳಾಸ ಕೊಡಬಹುದು. ಐಫೋನಿನಲ್ಲಿ ಮಾತ್ರ ಇಂಥ ಜಾಗವೇ ಇಲ್ಲ. ಕೂಗಿದಾಗ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಕಂಪನಿ ಐಟಿಯವರು ಪ್ರೊಫೈಲ್, ಅಂದರೆ ಸೆಟ್ಟಿಂಗುಗಳ ಫೈಲು, ಮಾಡಿ ಹಾಕಬಹುದು, ಅದು ಬೇರೆ ಮಾತು.

ಆದರೆ ನಿಮ್ಮ ಆಫೀಸಿಗೆ ಅಷ್ಟೆಲ್ಲ ಬೇಡ. ಎರಡು ವಠಾರದ ನಡುವಿನ ಗೋಡೆಯನ್ನೇ ಒಡೆದುಬಿಡಿ. ಮೇಲಿನ ರೂಟರಿನ ಪುಟಕ್ಕೆ ಹೋಗಿ, 192.168.0.1 ಇರಬೇಕು. ಆಪರೇಶನ್ ಮೋಡ್ ಎಂದು ಇರುತ್ತದೆ, ಅದನ್ನು ರೂಟರ್‌ನಿಂದ ಆಕ್ಸೆಸ್ ಪಾಯಿಂಟ್‌ಗೆ ಬದಲಿಸಿ. ಅದು ಆಫ್ ಆಗಿ ಆನ್ ಆಗುತ್ತದೆ. ಆಮೇಲೆ ಅದು ವಿಳಾಸ ಹಂಚುವ ಕೆಲಸ ಬಿಟ್ಟು ಸುಮ್ನೆ ವೈಫೈ ಮಾತ್ರ ಕೊಡುತ್ತದೆ. ಎಲ್ಲರಿಗೂ ಕೆಳಗಿನ ರೂಟರೇ ವಿಳಾಸ ಹಂಚುತ್ತದೆ. ಆ ಮೋಡ್ ಇಲ್ಲದ ಹಳೇ ಮಾಡೆಲ್ ಆದರೆ ಮೊದಲು ಅದರ ಸ್ವಂತ ವಿಳಾಸವನ್ನು ಕೆಳಗಿನ ಸಾಲಿನಲ್ಲಿ ಯಾರೂ ಬಳಸದ ಒಂದಕ್ಕೆ ಬದಲಿಸಿ, 192.168.1.2 ಥರ. ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ. ಕೊನೆಗೆ ಕೇಬಲನ್ನು ನೀಲಿ ತೂತಿನಿಂದ ತೆಗೆದು ಪಕ್ಕದ ಹಳದಿ ತೂತಿಗೆ ಹಾಕಿ. ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ವ್ಯಾನ್ (ಹೊರಗಿನ ಇಂಟರ್ನೆಟ್ಟಿನ ತೂತು) ಬಿಟ್ಟು ಲ್ಯಾನ್‌ಗೆ (ಒಳಗಿನ ನೆಟ್‌ವರ್ಕಿನ ತೂತು) ಹಾಕಬೇಕು ಅನ್ನುವುದು ಮುಖ್ಯ.

ಟೋನರ್_ಕೈ · 2:30

ಪ್ರಿಂಟರ್ ಸರ್ವಿಸ್ ನನ್ನ ಹೊಟ್ಟೆಪಾಡು, ರಾಜಾಜಿನಗರ ಕಡೆ. ಮೇಲಿನವರು ಹೇಳಿದ್ದು ಸರಿಯಾಗಿದೆ. ಫೋನಿಗೆ ಪ್ರಿಂಟರ್ ಕಾಣಿಸುತ್ತಿಲ್ಲ ಎಂದು ನನ್ನನ್ನು ಕರೆಸುತ್ತಾರೆ. ಹೋಗಿ ನೋಡಿದರೆ ಪ್ರಿಂಟರ್ ಆರೋಗ್ಯವಾಗಿ ಇರುತ್ತದೆ. ಎರಡು ರೂಟರ್, ಇಲ್ಲವೇ ಫೋನು ಗೆಸ್ಟ್ ವೈಫೈಯಲ್ಲಿ. ಗೆಸ್ಟ್ ವೈಫೈ ಅಂದರೆ ಬಂದವರಿಗೆ ಇಂಟರ್ನೆಟ್ ಕೊಡು, ಮನೆಯೊಳಗೆ ಬಿಡಬೇಡ ಎಂಬ ಏರ್ಪಾಡು. ಅಲ್ಲಿಂದ ಪ್ರಿಂಟರ್ ಹುಡುಕಿದರೆ ಸಿಗಲ್ಲ. ಕೆಲವು ರೂಟರುಗಳಲ್ಲಿ ಎಪಿ ಐಸೊಲೇಶನ್ ಅಂತ ಒಂದು ಟಿಕ್ ಇರುತ್ತದೆ. ಅದು ಆನ್ ಇದ್ದರೆ ಒಂದೇ ವೈಫೈಯಲ್ಲಿದ್ದರೂ ಒಬ್ಬರಿಗೊಬ್ಬರು ಕಾಣಿಸಲ್ಲ. ಪಕ್ಕದ ಟೇಬಲ್ಲಿನವರ ಫೋನು ಒಮ್ಮೆ ಇದೆ ಒಮ್ಮೆ ಇಲ್ಲ ಎಂದಿರಲ್ಲ, ಅದು ತಾನಾಗಿಯೇ ಬೇರೆ ವೈಫೈಗೆ ಹಾರುತ್ತಿದೆಯಾ ನೋಡಿ.

ಇನ್ನೊಂದು ಮಾತು. ಪ್ರಿಂಟರಿಗೆ ವೈಫೈ ಇದೆ ಎಂದು ವೈಫೈಯಲ್ಲೇ ಬಿಡಬೇಡಿ. ಹಿಂದೆ ಕೇಬಲ್ ತೂತು ಇದ್ದರೆ ರೂಟರಿಗೆ ಕೇಬಲ್ ಎಳೆಯಿರಿ. ವೈಫೈಯಲ್ಲಿ ಕೆಲವು ಪ್ರಿಂಟರುಗಳು ನಿದ್ದೆಗೆ ಜಾರಿದ ಮೇಲೆ ಕೂಗಿದರೂ ಏಳಲ್ಲ. ಕೇಬಲ್ ಇದ್ದರೆ ಆ ಕಾಟ ಕಡಿಮೆ.

ಮಲ್ಲೇಶ್ವರ8ನೇಕ್ರಾಸ್ · 3:05

ನಮ್ಮಲ್ಲಿ ಬೇರೆ ಥರ. ಎಲ್ಲ ಸರಿ ಇರುತ್ತದೆ, ಕರೆಂಟು ಹೋಗಿ ಬಂದರೆ ಮುಗಿಯಿತು. ಲ್ಯಾಪ್‌ಟಾಪುಗಳಿಗೆ ಪ್ರಿಂಟರ್ "ಆಫ್‌ಲೈನ್". ಮಳೆಗಾಲದಲ್ಲಿ ದಿನಾ ಇದೇ ಗೋಳು.

ತಂತಿಕೆಲಸ · 3:20

ರೂಟರ್ ಮತ್ತೆ ಎದ್ದಾಗ ವಿಳಾಸಗಳನ್ನು ಹೊಸದಾಗಿ ಹಂಚುತ್ತದೆ. ನಿನ್ನೆ 17 ಇದ್ದ ಪ್ರಿಂಟರಿಗೆ ಇವತ್ತು 31 ಸಿಗಬಹುದು. ಮನೆ ನಂಬರ್ ಹಿಡಿದು ಹೋಗುವ ಲ್ಯಾಪ್‌ಟಾಪ್ ಹಳೇ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಕೂಗಿ ಹುಡುಕುವ ಫೋನಿಗೆ ಈ ತೊಂದರೆ ಇಲ್ಲ, ಅದು ಹೊಸ ವಿಳಾಸವನ್ನು ತಾನೇ ತಿಳಿದುಕೊಳ್ಳುತ್ತದೆ. ನಿಮ್ಮ ರೂಟರಿನಲ್ಲಿ ಅಡ್ರೆಸ್ ರಿಸರ್ವೇಶನ್ ಎಂದು ಇರುತ್ತದೆ. ಪ್ರಿಂಟರಿಗೆ ಕಂಪನಿಯಲ್ಲೇ ಕೊಟ್ಟ ಗುರುತಾದ ಮ್ಯಾಕ್ ಅಡ್ರೆಸ್‌ಗೆ ಒಂದು ಸಂಖ್ಯೆ ಕಾಯಂ ಮಾಡಿಬಿಡಿ. ಲೆಕ್ಕದಮನೆಯವರೇ, ನೀವೂ ಇದನ್ನು ಮಾಡಿ. ಇಲ್ಲದಿದ್ದರೆ ಮುಂದಿನ ಮಳೆಗೆ ಇಲ್ಲೇ ಬಂದು ಇನ್ನೊಂದು ಪ್ರಶ್ನೆ ಕೇಳುತ್ತೀರಿ.

ಟೋನರ್_ಕೈ · 3:26

ಕರೆಂಟಿನ ಮಾತು ಬಂತಲ್ಲ, ದಯವಿಟ್ಟು ಲೇಸರ್ ಪ್ರಿಂಟರನ್ನು ಚಿಕ್ಕ ಯುಪಿಎಸ್‌ಗೆ ಚುಚ್ಚಬೇಡಿ. ಒಳಗೆ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ರೋಲರ್ ಇದೆ. ಅದು ಬಿಸಿಯಾಗುವಾಗ ಒಮ್ಮೆಲೇ ಕರೆಂಟು ಎಳೆಯುತ್ತದೆ. ಯುಪಿಎಸ್ ಕುಯ್ಯೋ ಎಂದು ಎಲ್ಲವನ್ನೂ ಆಫ್ ಮಾಡಿ ಕೂರುತ್ತದೆ. ರೂಟರನ್ನು ಯುಪಿಎಸ್‌ಗೆ ಹಾಕಿ, ಪ್ರಿಂಟರನ್ನು ನೇರ ಗೋಡೆಗೆ.

ಬೆಳ್ಳಂದೂರು_ಸಿಗ್ನಲ್ · ಸಂಜೆ 5:10

ಹನ್ನೊಂದು ಜನರ ಆಫೀಸಿಗೆ ಗೋಡೆ ಒಡೆಯಬಹುದು. ನಾವು ಏನು ಮಾಡುವುದು? ರಿಂಗ್ ರೋಡಿನ ಒಂದು ಕಂಪನಿ, ನಾಲ್ಕು ಮಹಡಿ. ಫೋನುಗಳಿಗೆ ಒಂದು ವಿಲ್ಯಾನ್ (ಒಳಗೇ ಬೇರೆ ಮಾಡಿದ ನೆಟ್‌ವರ್ಕ್), ಪ್ರಿಂಟರುಗಳಿಗೆ ಇನ್ನೊಂದು, ಸೆಕ್ಯುರಿಟಿ ಟೀಮಿನ ಆಜ್ಞೆ. ಎರಡನ್ನೂ ಒಂದು ಮಾಡಿ ಎಂದರೆ ನನ್ನನ್ನೇ ಹೊರಗೆ ಹಾಕುತ್ತಾರೆ. ಆದರೆ ಡೈರೆಕ್ಟರಿಗೆ ಐಪ್ಯಾಡಿನಿಂದ ಪ್ರಿಂಟ್ ಬೇಕೇ ಬೇಕು.

ತಂತಿಕೆಲಸ · 5:48

ಮೂರು ದಾರಿ ಗೊತ್ತು, ಮೂರನ್ನೂ ಮಾಡಿ ನೋಡಿದ್ದೇನೆ.

ಸುಲಭದ್ದು, ಗೋಡೆಯ ಮೇಲೆ ಒಬ್ಬನನ್ನು ಕೂರಿಸುವುದು. ಈಚೆ ಕೂಗಿದ್ದನ್ನು ಅವನು ಆಚೆಗೆ ಕೂಗುತ್ತಾನೆ, ಆಚೆಯ ಉತ್ತರವನ್ನು ಈಚೆಗೆ. ದೊಡ್ಡ ವೈಫೈ ಕಂಟ್ರೋಲರುಗಳಲ್ಲಿ ಇದಕ್ಕೆ ಎಂಡಿಎನ್‌ಎಸ್ ಗೇಟ್‌ವೇ ಅಥವಾ ಬಾಂಜೂರ್ ಗೇಟ್‌ವೇ ಎನ್ನುತ್ತಾರೆ. ಲಿನಕ್ಸ್ ಕಂಪ್ಯೂಟರ್ ಇದ್ದರೆ ಅವಾಹಿ ಎಂಬ ಎಂಡಿಎನ್‌ಎಸ್ ಸಾಫ್ಟ್‌ವೇರಿನಲ್ಲಿ ರಿಫ್ಲೆಕ್ಟರ್ ಎಂಬ ಒಂದು ಸಾಲು ಆನ್ ಮಾಡಿದರೆ ಸಾಕು. ಆದರೆ ಎಚ್ಚರ, ಹುಡುಕಲು ಸಿಕ್ಕಿತು ಎಂದ ಮಾತ್ರಕ್ಕೆ ಪ್ರಿಂಟ್ ಹೋಗಲ್ಲ. ಹೆಸರು ಕಾಣಿಸಿ, ಪ್ರಿಂಟ್ ಒತ್ತಿದಾಗ ಸುಮ್ಮನೆ ತಿರುಗುತ್ತಿದ್ದರೆ ಫೈರ್‌ವಾಲಿನಲ್ಲಿ 631ನೇ ಪೋರ್ಟು ಮುಚ್ಚಿದೆ ಎಂದೇ ಲೆಕ್ಕ. ಪ್ರಿಂಟ್ ಕಳಿಸುವ ಭಾಷೆಯಾದ ಐಪಿಪಿ ನಡೆಯುವುದು ಆ ಬಾಗಿಲಿನಲ್ಲಿ. ನಾನು ಒಮ್ಮೆ ಇದೊಂದಕ್ಕೆ ಅರ್ಧ ದಿನ ಕಳೆದಿದ್ದೇನೆ. ಕೂಗು ಕೇಳಿಸುತ್ತಿದೆ, ಬಾಗಿಲು ಮಾತ್ರ ಒಳಗಿಂದ ಚಿಲಕ ಹಾಕಿದೆ.

ಎರಡನೆಯದು, ಕೂಗುವುದನ್ನೇ ಬಿಟ್ಟು, ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್ ಸರ್ವರಿನಲ್ಲಿ ಪ್ರಿಂಟರುಗಳ ಪಟ್ಟಿ ಬರೆದಿಡುವುದು. ಫೋನು ವೈಫೈಗೆ ಸೇರುವಾಗ ಡೊಮೇನ್ ಹೆಸರು ಸಿಗುತ್ತದೆ. ಆ ಡೊಮೇನಿನಲ್ಲಿ ಪ್ರಿಂಟರ್ ಇದೆಯಾ ಎಂದು ಅದು ಕೇಳುತ್ತದೆ. ಅಚ್ಚುಕಟ್ಟು ಕೆಲಸ, ಆದರೆ ಒಂದು ಅಕ್ಷರ ತಪ್ಪಿದರೂ ಏನೂ ಕಾಣಿಸಲ್ಲ, ತಪ್ಪು ಎಲ್ಲಿ ಎಂದೂ ಯಾರೂ ಹೇಳಲ್ಲ.

ಮೂರನೆಯದು ನಿಮ್ಮ ಡೈರೆಕ್ಟರಿಗೆ. ಐಪ್ಯಾಡ್ ಕಂಪನಿಯದೇ ಆಗಿ ಎಂಡಿಎಂನಲ್ಲಿ (ಕಂಪನಿ ಸಾಧನಗಳನ್ನು ದೂರದಿಂದ ನಿಭಾಯಿಸುವ ವ್ಯವಸ್ಥೆ) ಇದ್ದರೆ ಏರ್‌ಪ್ರಿಂಟ್ ಪ್ರೊಫೈಲ್ ಕಳಿಸಿ. ಅದರಲ್ಲಿ ಪ್ರಿಂಟರಿನ ಐಪಿ ಮತ್ತು ದಾರಿ ಬರೆಯಬೇಕು. ದಾರಿ ಎಂದರೆ ಹೆಚ್ಚಿನ ಪ್ರಿಂಟರುಗಳಲ್ಲಿ "ಐಪಿಪಿ, ಓರೆಗೆರೆ, ಪ್ರಿಂಟ್" ಇರುತ್ತದೆ. ಆಗ ಅವರ ಐಪ್ಯಾಡಿನಲ್ಲಿ ಪ್ರಿಂಟರ್ ಯಾವಾಗಲೂ ಇರುತ್ತದೆ. ಒಬ್ಬರು ಇಬ್ಬರಿಗೆ ಇದೇ ಒಳ್ಳೆಯದು. ಪೋರ್ಟು ಮಾತ್ರ ಇಲ್ಲೂ ತೆರೆದಿರಬೇಕು.

ಬೆಳ್ಳಂದೂರು_ಸಿಗ್ನಲ್ · 6:02

ಮೂರನೆಯದೇ ಸಾಕು. ಉಳಿದವರಿಗೆ ಲ್ಯಾಪ್‌ಟಾಪ್ ಇದೆ. ಧನ್ಯವಾದ, ಈಗ ಸಿಲ್ಕ್ ಬೋರ್ಡ್ ದಾಟಲು ಹೊರಟೆ, ನಾಳೆ ಸಿಗೋಣ.

ಎಚ್‌ಎಸ್‌ಆರ್_ಸೆಕ್ಟರ್2 · 6:15

ಇಷ್ಟೆಲ್ಲ ಯಾಕೆ? ರೂಟರಿನಲ್ಲಿ 9100ನೇ ಪೋರ್ಟನ್ನು ಪ್ರಿಂಟರಿಗೆ ಫಾರ್ವರ್ಡ್ ಮಾಡಿಬಿಡಿ, ಹೊರಗಿಂದ ಬಂದದ್ದು ನೇರ ಅದಕ್ಕೆ ಹೋಗಲಿ. ಮನೆಯಿಂದಲೂ ಪ್ರಿಂಟ್ ಕೊಡಬಹುದು.

ಹಳೇಪ್ರಿಂಟರ್ · 6:21

ಇವತ್ತು ನಿಮ್ಮ ಗ್ರಹಚಾರ ಸರಿ ಇಲ್ಲ ಸ್ವಾಮಿ. ನೀವೂ ಕೊಡಬಹುದು, ಇಡೀ ಪ್ರಪಂಚವೂ ಕೊಡಬಹುದು. 2018ರ ಕೊನೆಯಲ್ಲಿ ಒಬ್ಬ ಹೀಗೆ ಬಾಗಿಲು ತೆರೆದಿಟ್ಟ ಪ್ರಿಂಟರುಗಳನ್ನು ಹುಡುಕಿ, ಸುಮಾರು 50,000 ಪ್ರಿಂಟರುಗಳಿಗೆ ಒಬ್ಬ ಯೂಟ್ಯೂಬರ್‌ಗೆ ಸಬ್‌ಸ್ಕ್ರೈಬ್ ಮಾಡಿ ಎಂಬ ಕರಪತ್ರ ಕಳಿಸಿದ್ದಾಗಿ ಹೇಳಿಕೊಂಡ. 9100ಕ್ಕೆ ಹೆಸರು, ಪಾಸ್‌ವರ್ಡ್ ಏನೂ ಬೇಡ. ಬಂದದ್ದನ್ನು ಹಾಗೇ ಕಾಗದಕ್ಕೆ ಇಳಿಸುತ್ತದೆ. ಆಡಿಟರ್ ಆಫೀಸಿನಲ್ಲಂತೂ ಇದನ್ನು ಮಾಡಲೇಬೇಡಿ.

ಚಾಮರಾಜಪೇಟೆ_ಡಿಟಿಪಿ · ರಾತ್ರಿ 8:40

ವಿಷಯ ಸ್ವಲ್ಪ ಬೇರೆ, ಆದರೂ ಕೇಳುತ್ತೇನೆ. ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ಫೋನಿಂದ ಪ್ರಿಂಟ್ ಬರುತ್ತದೆ. ಆದರೆ ಗಿರಾಕಿಗಳು ಕಳಿಸುವ ಕನ್ನಡ ವರ್ಡ್ ಫೈಲು ಫೋನಿಂದ ಪ್ರಿಂಟ್ ಕೊಟ್ಟರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕಿ, ಗೆರೆ, ಎಲ್ಲ ಕಲಸುಮೇಲೋಗರ. ನಿನ್ನೆ ಒಬ್ಬರ ಗೃಹಪ್ರವೇಶದ ಆಮಂತ್ರಣ ಹೀಗೇ ಬಂತು. ಪ್ರಿಂಟರಿನ ದೋಷವಾ?

ಹಳೇಪ್ರಿಂಟರ್ · 9:05

ಅಲ್ಲ. ಫೈಲು ಹಳೇ ನುಡಿ ಫಾಂಟಿನಲ್ಲಿದೆ. ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಗುರುತು ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಉಪಾಯ ಅದು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಫೈಲಿನೊಳಗೆ ಇರುವುದು ನಿಜವಾಗಿ ಇಂಗ್ಲಿಷ್ ಗುರುತುಗಳೇ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟಿದೆ, ಫೋನಿನಲ್ಲಿ ಇಲ್ಲ. ವೇಷ ಕಳಚಿ ಬೀಳುತ್ತದೆ. ಬರಹದ ಹಳೇ ಫಾಂಟುಗಳದ್ದೂ ಇದೇ ಕಥೆ.

ಗಿರಾಕಿಗೆ ಹೇಳಿ, ವರ್ಡ್ ಫೈಲ್ ಬೇಡ, ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಕಳಿಸಿ ಎಂದು. ಪಿಡಿಎಫ್ ತನ್ನ ಜೊತೆ ಫಾಂಟನ್ನೂ ಹೊತ್ತು ತರುತ್ತದೆ. ತಿದ್ದುವುದಿದ್ದರೆ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಆದರೆ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ. ಯೂನಿಕೋಡ್ ಆದರೆ ಫೋನಿಂದ ಪ್ರಿಂಟ್ ಕೊಡಲು ಭಯವಿಲ್ಲ. ಪುಟವನ್ನು ಫೋನೇ ತನ್ನ ಕನ್ನಡ ಫಾಂಟಿನಲ್ಲಿ ಬಿಡಿಸಿ ಕಳಿಸುತ್ತದೆ, ಪ್ರಿಂಟರಿಗೆ ಕನ್ನಡ ಗೊತ್ತಿರಬೇಕಾಗಿಲ್ಲ.

ಚಾಮರಾಜಪೇಟೆ_ಡಿಟಿಪಿ · 9:12

ಆಮಂತ್ರಣದವರು ಅದನ್ನು ನೋಡಿ "ಇದು ಯಾವ ಭಾಷೆ, ನಮ್ಮ ಬೀಗರು ತುಮಕೂರಿನವರು" ಎಂದರು. ಈಗ ಅವರಿಗೆ ಹೇಳಲು ಕಾರಣ ಸಿಕ್ಕಿತು.

ಸುಮ್ನೆ_ಓದೋನು · ಮಂಗಳವಾರ, ಬೆಳಿಗ್ಗೆ 7:50

ಇಲ್ಲಿ ಓದುವುದು ಮಾತ್ರ, ಬರೆಯುವುದು ಅಪರೂಪ. ಇಷ್ಟು ಕಷ್ಟಪಡುವ ಬದಲು ಮೂಲೆಯ ಜೆರಾಕ್ಸ್ ಅಂಗಡಿಗೆ ವಾಟ್ಸಾಪ್ ಮಾಡಿದರೆ ಆಯಿತಲ್ವಾ? ನಾನಂತೂ ಹಾಗೇ ಮಾಡುವುದು.

ಹಳೇಪ್ರಿಂಟರ್ · 8:20

ನಿಮ್ಮ ಕ್ರಿಕೆಟ್ ಟಿಕೆಟ್ ಆದರೆ ಸರಿ. ಕ್ಲೈಂಟಿನ ಬ್ಯಾಂಕ್ ಸ್ಟೇಟ್‌ಮೆಂಟನ್ನು ಹಾಗೆ ಕಳಿಸಲು ಆಗುತ್ತದಾ? ಅಂಗಡಿಯ ಫೋನಿನಲ್ಲಿ, ಕಂಪ್ಯೂಟರಿನ ಡೌನ್‌ಲೋಡ್ಸ್‌ನಲ್ಲಿ ಅದು ಉಳಿದುಬಿಡುತ್ತದೆ. ಯಾರೂ ಬೇಕೆಂದು ಇಟ್ಟುಕೊಳ್ಳುವುದಲ್ಲ, ಅಳಿಸಲು ಪುರುಸೊತ್ತು ಇರಲ್ಲ, ಅಷ್ಟೇ. ಆಧಾರ್ ಕೊಡಲೇಬೇಕಾದರೆ ಮಾಸ್ಕ್ ಮಾಡಿದ್ದನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಅದರಲ್ಲಿ ಮೊದಲ 8 ಅಂಕಿ ಮುಚ್ಚಿ, ಕೊನೆಯ 4 ಮಾತ್ರ ತೋರಿಸುತ್ತಾರೆ.

ಟೋನರ್_ಕೈ · 8:34

ಆಧಾರ್ ಎಂದಾಗ ನೆನಪಾಯಿತು. "ಫೋನಿಂದ ಬೇರೆಲ್ಲ ಪ್ರಿಂಟ್ ಬರುತ್ತದೆ, ಆಧಾರ್ ಮಾತ್ರ ಬರಲ್ಲ" ಎಂಬ ದೂರು ನನಗೆ ಆಗಾಗ ಬರುತ್ತದೆ. ಆ ಪಿಡಿಎಫ್‌ಗೆ ಬೀಗ ಇದೆ. ಹೆಸರಿನ ಮೊದಲ ನಾಲ್ಕು ಅಕ್ಷರ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಜೊತೆಗೆ ಹುಟ್ಟಿದ ವರ್ಷ. ಅದನ್ನು ಹಾಕಿ ತೆರೆದ ಮೇಲೆ, ಆ ತೆರೆದ ಪುಟದಿಂದಲೇ ಪ್ರಿಂಟ್ ಕೊಡಬೇಕು. ತೆರೆಯದೆ ಹಾಗೇ ಕಳಿಸಿದರೆ ಪ್ರಿಂಟರ್ ಸುಮ್ನೆ ನುಂಗಿಬಿಡುತ್ತದೆ.

ಇನ್ನೊಂದು ಸಣ್ಣ ಕಳ್ಳ, ಕಾಗದದ ಅಳತೆ. ಫೋನಿನಲ್ಲಿ ಪ್ರದೇಶ ಅಮೆರಿಕ ಎಂದು ಇದ್ದರೆ ಅದು ಲೆಟರ್ ಸೈಜ್ ಕೇಳಬಹುದು. ಟ್ರೇಯಲ್ಲಿ ಎ4. ಲೆಟರ್ 216 x 279 ಮಿಲಿಮೀಟರ್, ಎ4 210 x 297. ಕಣ್ಣಿಗೆ ಎರಡೂ ಒಂದೇ ಥರ. ಪ್ರಿಂಟರಿಗೆ ಗೊತ್ತಾಗುತ್ತದೆ. ಕಿತ್ತಳೆ ದೀಪ ಮಿಣಮಿಣ ಎನ್ನುತ್ತಾ "ಲೆಟರ್ ಹಾಕು" ಎಂದು ಕಾಯುತ್ತಾ ಕೂರುತ್ತದೆ. ಹಿಂದೆ ಬಂದ ಎಲ್ಲರ ಪ್ರಿಂಟೂ ಅದರ ಬೆನ್ನಿಗೆ ನಿಲ್ಲುತ್ತದೆ, ಮೆಜೆಸ್ಟಿಕ್‌ನಲ್ಲಿ ಬಸ್ಸು ನಿಂತ ಹಾಗೆ. ಒಮ್ಮೆ ಎಚ್‌ಬಿಆರ್ ಲೇಔಟಿನ ಒಂದು ಆಫೀಸಿನಲ್ಲಿ ಇದಕ್ಕಾಗಿ ಪ್ರಿಂಟರನ್ನೇ ಬದಲಿಸಲು ಹೊರಟಿದ್ದರು. ನಾನು ಹೋಗಿ ಓಕೆ ಬಟನ್ ಒತ್ತಿದೆ. ಹದಿನಾಲ್ಕು ಜನರ ಪ್ರಿಂಟು ಒಂದಾದ ಮೇಲೊಂದು ಉದುರಿತು.

ಮಲ್ಲೇಶ್ವರ8ನೇಕ್ರಾಸ್ · 9:15

ನಮ್ಮಲ್ಲಿ ಹಳೇ ಲೇಸರ್ ಇನ್ನೊಂದಿದೆ. ಯುಎಸ್‌ಬಿ ಮಾತ್ರ, ವೈಫೈ ಇಲ್ಲ. ಆ ಪುಟ್ಟ ಬಿಳಿ ಪೆಟ್ಟಿಗೆ, ಪ್ರತಿ ಜೆರಾಕ್ಸ್ ಅಂಗಡಿಯಲ್ಲೂ ಇರುತ್ತದಲ್ಲ, ಅದೇ. ಕೆಡುವ ಲಕ್ಷಣವೇ ಇಲ್ಲ, ಬಿಸಾಡಲು ಮನಸ್ಸು ಬರಲ್ಲ. ವಿಂಡೋಸಿನಲ್ಲಿ ಶೇರ್ ಮಾಡಿದೆ, ಫೋನಿಗೆ ಕಾಣಿಸಲಿಲ್ಲ.

ತಂತಿಕೆಲಸ · 9:40

ವಿಂಡೋಸಿನ ಶೇರಿಂಗ್ ಭಾಷೆ ಬೇರೆ, ಫೋನಿನ ಭಾಷೆ ಬೇರೆ. ನಡುವೆ ದುಭಾಷಿ ಬೇಕು. ಎರಡು ದಾರಿ. ಯಾವಾಗಲೂ ಆನ್ ಇರುವ ವಿಂಡೋಸ್ ಕಂಪ್ಯೂಟರ್ ಇದ್ದರೆ ಪೇಪರ್‌ಕಟ್‌ನವರ ಮೊಬಿಲಿಟಿ ಪ್ರಿಂಟ್ ಹಾಕಿ, ಅದು ಉಚಿತ. ಆ ಕಂಪ್ಯೂಟರಿಗೆ ಗೊತ್ತಿರುವ ಪ್ರಿಂಟರನ್ನು ಫೋನುಗಳಿಗೆ ತೋರಿಸುತ್ತದೆ. ಇಲ್ಲವೇ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಂದು ಕಪ್ಸ್ ಎಂಬ ಪ್ರಿಂಟ್ ಸಾಫ್ಟ್‌ವೇರ್ ಹಾಕಿ, ಅದು ಪ್ರಿಂಟರಿನ ಪರವಾಗಿ ಏರ್‌ಪ್ರಿಂಟ್ ಎಂದು ಕೂಗುತ್ತದೆ.

ಆದರೆ ಪೈ ಕೊಳ್ಳುವ ಮೊದಲು ನೋಡಿ. ಅಂಥ ಹಳೇ ಪ್ರಿಂಟರುಗಳಿಗೆ ಸ್ವಂತ ಬುದ್ಧಿ ಕಡಿಮೆ, ಎಲ್ಲ ಕೆಲಸ ಕಂಪ್ಯೂಟರಿನ ಡ್ರೈವರ್ ಮಾಡಬೇಕು. ಎಷ್ಟೋ ಡ್ರೈವರುಗಳು ಇಂಟೆಲ್ ಥರದ ಕಂಪ್ಯೂಟರಿಗೆ ಮಾತ್ರ ಇರುತ್ತವೆ, ಪೈಗೆ ಇರಲ್ಲ. ನಾನು ಕೇಳದೆ ಕೊಂಡು, ಎರಡು ರಾತ್ರಿ ನಿದ್ದೆಗೆಟ್ಟು, ಕೊನೆಗೆ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಪ್ರಿಂಟರಿನ ಕೆಳಗೆ ಇಟ್ಟೆ. ಪೈ ಈಗ ಮಗಳ ಆಟದ ಸಾಮಾನು. ಕಪ್ಸ್ ಹಾಕಿದರೆ ಅಪ್‌ಡೇಟ್ ಮಾಡುತ್ತಾ ಇರಿ. 2024ರ ಸೆಪ್ಟೆಂಬರಿನಲ್ಲಿ ಅದರ ಜೊತೆಗೆ ಬರುವ ಒಂದು ಭಾಗದಲ್ಲಿ ಭದ್ರತೆಯ ದೊಡ್ಡ ತೂತು ಸಿಕ್ಕಿತ್ತು.

ಲೆಕ್ಕದಮನೆ · ಮಧ್ಯಾಹ್ನ 2:20

ವರದಿ ಒಪ್ಪಿಸುತ್ತಿದ್ದೇನೆ.

ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದಾಗ ಮೇಲಿನ ರೂಟರನ್ನು ಆಕ್ಸೆಸ್ ಪಾಯಿಂಟ್ ಮಾಡಿದೆ. ಅದು ಆಫ್ ಆಗಿ ಎರಡು ನಿಮಿಷ ಏಳಲೇ ಇಲ್ಲ. ನನ್ನ ಎದೆ ಡವಡವ. ಆಮೇಲೆ ಹಸಿರು ದೀಪ ಬಂತು. ಸಾಹೇಬರ ಫೋನು ನೋಡಿದರೆ 192.168.1.41. ಪ್ರಿಂಟ್ ಒತ್ತಿದೆ, ಪ್ರಿಂಟರಿನ ಹೆಸರು ತಾನಾಗಿಯೇ ಬಂದು ಕೂತಿತು! ಪ್ರಿಂಟರಿಗೆ ಕೇಬಲ್ ಹಾಕಿ, ಕೆಳಗಿನ ರೂಟರಿನಲ್ಲಿ 192.168.1.50 ಕಾಯಂ ಮಾಡಿದ್ದೇನೆ. ಲ್ಯಾಪ್‌ಟಾಪುಗಳಲ್ಲಿ ವಿಳಾಸ ಬದಲಿಸಲು ಸ್ವಲ್ಪ ಹೊತ್ತು ಹಿಡಿಯಿತು.

ನನ್ನ ಆಂಡ್ರಾಯ್ಡಿನ ರೋಗವೂ ಸಿಕ್ಕಿತು. ಡೀಫಾಲ್ಟ್ ಪ್ರಿಂಟ್ ಸರ್ವಿಸ್ ಆಫ್ ಆಗಿತ್ತು. ಬ್ಯಾಟರಿ ಉಳಿಸಲು ನಾನೇ ಯಾವಾಗಲೋ ಆಫ್ ಮಾಡಿದ್ದಿರಬೇಕು. ಪಕ್ಕದ ಟೇಬಲ್ಲಿನವರದು ಮಾತ್ರ ಇನ್ನೂ ಹಾಗೇ. ವೈಫೈ ಸರಿ ಇದೆ, ಐಪಿ ಸರಿ ಇದೆ, ಸರ್ವಿಸ್ ಆನ್ ಇದೆ. ಒಮ್ಮೆ ಕಾಣಿಸುತ್ತದೆ, ಒಮ್ಮೆ ಇಲ್ಲ.

ತಂತಿಕೆಲಸ · 2:31

ಭೇಷ್. ಅವರ ಫೋನಿನ ಮೇಲ್ಗಡೆ ಪಟ್ಟಿಯಲ್ಲಿ ಬೀಗದ ಕೈ ಥರದ ಗುರುತು ಇದೆಯಾ?

ಲೆಕ್ಕದಮನೆ · 2:36

ಇದೆ! ಏನದು?

ತಂತಿಕೆಲಸ · 2:39

ವಿಪಿಎನ್. ಫೋನಿನ ಮಾತನ್ನು ಬೇರೆ ದಾರಿಗೆ ತಿರುಗಿಸುತ್ತದೆ, ಆಗ ಕೂಗು ಪ್ರಿಂಟರಿಗೆ ಮುಟ್ಟದೆ ಇರಬಹುದು. ಯಾವ ಆ್ಯಪ್ ಹಾಕಿದ್ದಾರೆ ಕೇಳಿ.

ಲೆಕ್ಕದಮನೆ · 2:52

ಜಾಹೀರಾತು ತಡೆಯುವ ಆ್ಯಪ್ ಅಂತೆ. ಅದು ವಿಪಿಎನ್ ಎಂದು ಅವರಿಗೇ ಗೊತ್ತಿರಲಿಲ್ಲ. ಧಾರಾವಾಹಿ ನೋಡುವಾಗ ಆನ್ ಮಾಡುತ್ತಾರಂತೆ, ಆಮೇಲೆ ಮರೆಯುತ್ತಾರೆ. ಆಫ್ ಮಾಡಿದ ತಕ್ಷಣ ಪ್ರಿಂಟರ್ ಬಂತು. ಆನ್ ಮಾಡಿದರೆ ಹೋಯಿತು. ಮೂರು ಸಲ ಮಾಡಿ ನೋಡಿದೆವು, ಆಫೀಸಿನವರೆಲ್ಲ ಸುತ್ತ ನಿಂತು ನೋಡಿದರು.

ಟೋನರ್_ಕೈ · 3:10

ಅಮಾವಾಸ್ಯೆ ಹುಣ್ಣಿಮೆ ಅಲ್ಲ, ಧಾರಾವಾಹಿ!

ಬೆಳ್ಳಂದೂರು_ಸಿಗ್ನಲ್ · ಸಂಜೆ 4:45

ನನ್ನದೂ ಆಯಿತು. ಪ್ರೊಫೈಲ್ ಕಳಿಸಿದೆ, ಪೋರ್ಟು ತೆರೆಸಲು ಎರಡು ಮೇಲು, ಒಂದು ಮೀಟಿಂಗು. ಡೈರೆಕ್ಟರ್ ಖುಷಿ. ಈಗ ಅವರು ಸಂಬಳದ ಪಟ್ಟಿಯನ್ನು ಐಪ್ಯಾಡಿನಿಂದ ಪ್ರಿಂಟ್ ಕೊಟ್ಟು, ಮರೆತು, ಮೀಟಿಂಗಿಗೆ ಹೋಗಿದ್ದಾರೆ. ಟ್ರೇಯಲ್ಲಿ ಬಿದ್ದಿದ್ದನ್ನು ನಾನೇ ತಲೆಕೆಳಗು ಮಾಡಿ ಇಟ್ಟೆ. ಒಂದು ಸಾಲೂ ಓದಿಲ್ಲ, ದೇವರಾಣೆ.

ತಂತಿಕೆಲಸ · 4:58

ನಿಮಗೆ ಬರುವ ಮುಂದಿನ ದೂರು ಯಾವುದು ಎಂದು ಗೊತ್ತಾಯಿತು. ಐಡಿ ಕಾರ್ಡ್ ಉಜ್ಜಿದ ಮೇಲೆ ಕಾಗದ ಹೊರಬರುವ ಏರ್ಪಾಡು ಇದೆ, ಪುಲ್ ಪ್ರಿಂಟಿಂಗ್ ಅನ್ನುತ್ತಾರೆ. ಅದಕ್ಕೆ ಲೈಸೆನ್ಸ್, ಕಾರ್ಡ್ ರೀಡರ್ ಎಂದು ದುಡ್ಡು ಜಾಸ್ತಿ. ಈ ಸಂಬಳದ ಪಟ್ಟಿಯ ಕಥೆ ಹೇಳಿದರೆ ಬಜೆಟ್ ಬೇಗ ಸಿಗುತ್ತದೆ.

ಲೆಕ್ಕದಮನೆ · ಶುಕ್ರವಾರ, ಬೆಳಿಗ್ಗೆ 10:05

ಕೊನೆಯದಾಗಿ ಒಂದು ಸುದ್ದಿ. ನಿನ್ನೆ ಸಂಜೆ ಜೋರು ಮಳೆ, ಮುಕ್ಕಾಲು ಗಂಟೆ ಕರೆಂಟಿಲ್ಲ. ಬಂದ ಮೇಲೆ ಓಡಿ ಹೋಗಿ ನೋಡಿದೆ. ಪ್ರಿಂಟರ್ 50ರಲ್ಲೇ ಇದೆ, ಎಲ್ಲ ಫೋನಿಗೂ ಕಾಣಿಸುತ್ತಿದೆ.

ಇವತ್ತು ಬೆಳಿಗ್ಗೆ ನಾನು ಬರುವಷ್ಟರಲ್ಲಿ ಸಾಹೇಬರು ಮೇಲಿಂದ ತಾವೇ ಪ್ರಿಂಟ್ ಕೊಟ್ಟಿದ್ದರು. ಟ್ರೇ ನೋಡಿದರೆ ಒಂಬತ್ತು ಹಾಳೆ. ಎಂಟರಲ್ಲಿ ಒಬ್ಬರ ಬ್ಯಾಂಕ್ ಸ್ಟೇಟ್‌ಮೆಂಟು. ಒಂಬತ್ತನೆಯದು ವಾಟ್ಸಾಪಿನಲ್ಲಿ ಬಂದ "ಶುಭೋದಯ" ಚಿತ್ರ, ಗುಲಾಬಿ ಹೂವು, ಹಿಂದೆ ಸೂರ್ಯೋದಯ, ಇಡೀ ಎ4 ತುಂಬ ಕಪ್ಪು ಕಪ್ಪು. ಟೋನರ್_ಕೈ ಅವರೇ, ಈ ಥರ ದಿನಾ ಒಂದು ಬಂದರೆ ಕಾರ್ಟ್ರಿಡ್ಜ್ ಎಷ್ಟು ದಿನ ಬರುತ್ತದೆ?

ಟೋನರ್_ಕೈ · 10:18

ಕಾರ್ಟ್ರಿಡ್ಜ್ ಮೇಲೆ ಬರೆದಿರುವ ಪುಟಗಳ ಲೆಕ್ಕ ಹಾಳೆಯ ನೂರಕ್ಕೆ 5 ಭಾಗ ಮಾತ್ರ ಕಪ್ಪಾದರೆ ಎಂದು. ನಿಮ್ಮ ಗುಲಾಬಿ ಒಂದೇ ಹತ್ತು ಹದಿನೈದು ಸ್ಟೇಟ್‌ಮೆಂಟಿಗೆ ಸಮ. ನನ್ನ ನಂಬರ್ ಇಟ್ಟುಕೊಳ್ಳಿ, ಪರ್ಸನಲ್ ಮೆಸೇಜ್ ಕಳಿಸಿದ್ದೇನೆ.